ಹಿಂದಿನ ಆಕ್ಸಲ್‌ನ ಹಲ್ಲೆಣಿಕೆ

ಹಳೆಯ ಕಾರಿನ ಹಿಂಬದಿ ಆಕ್ಸಲ್‌ನ ಗೇರ್ ಅನುಪಾತ ಎಷ್ಟೆಂಬುದು ಅದರ ಕೈಪಿಡಿಯಲ್ಲಿರುತ್ತದೆ. ಆದರೆ ಹಲವು ಕೈ ದಾಟಿ ಬಂದ ಕಾರಿನೊಳಗೆ ಯಾರು ಯಾವಾಗ ಯಾವ ಗೇರು ಕೂರಿಸಿದ್ದಾರೋ ಕೈಪಿಡಿಗೆ ತಿಳಿಯದು. ಆಕ್ಸಲ್‌ನೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್‌ನ ಹಲ್ಲುಗಳ ಸಂಖ್ಯೆಯನ್ನು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಈ ಅನುಪಾತ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸಾಮಾನ್ಯವಾಗಿ 40 ಮತ್ತು 11 ಹಲ್ಲುಗಳಿದ್ದವು. ಅಂದರೆ ಅನುಪಾತ ಸುಮಾರು 3.64.

ಆಕ್ಸಲ್ ಬಿಚ್ಚದೆಯೂ ಇದನ್ನು ಅಳೆಯಬಹುದು. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂದಿನ ಒಂದು ಚಕ್ರವನ್ನಷ್ಟೇ ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಡಬೇಕು. ಎತ್ತಿದ ಚಕ್ರಕ್ಕೂ, ಗೇರ್‌ಬಾಕ್ಸ್‌ನಿಂದ ಬಂದು ಪಿನಿಯನ್ನನ್ನು ತಿರುಗಿಸುವ ದಂಡವಾದ ಪ್ರೊಪೆಲ್ಲರ್ ಶಾಫ್ಟ್‌ಗೂ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಎರಡರ ಸುತ್ತುಗಳನ್ನೂ ಎಣಿಸಬೇಕು. ಕ್ರೌನ್ ವೀಲ್‌ನ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಬರುತ್ತದೋ ಅದೇ ಅನುಪಾತ. ಎಡವುವುದು ಇಲ್ಲಿಯೇ: ನೆಲದ ಮೇಲಿರುವ ಚಕ್ರ ಅಲುಗದಿರುವುದರಿಂದ, ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆಯ ದೆಸೆಯಿಂದಾಗಿ ಎತ್ತಿದ ಚಕ್ರದ ಎರಡು ಸುತ್ತಿಗೆ ಕ್ರೌನ್ ವೀಲ್ ಒಂದೇ ಸುತ್ತು ಬರುತ್ತದೆ. ಇದನ್ನು ಮರೆತವರಿಗೆ ಸಿಗುವುದು ಅರ್ಧ ಅನುಪಾತ.

ಎರಡೇ ಸುತ್ತಿಗೆ ನಿಲ್ಲಿಸಿದರೆ ಶಾಫ್ಟ್ ಮೂರೂವರೆಗಿಂತ ತುಸು ಹೆಚ್ಚು ತಿರುಗಿತೆಂದಷ್ಟೇ ತಿಳಿಯುತ್ತದೆ, 3.64 ಮತ್ತು 3.67ರ ನಡುವಣ ವ್ಯತ್ಯಾಸ ಕಣ್ಣಿಗೆ ಬೀಳದು. ಆದ್ದರಿಂದ ಎರಡೂ ಗುರುತುಗಳು ಒಟ್ಟಿಗೆ ಮೊದಲಿನ ಜಾಗಕ್ಕೆ ಮರಳುವವರೆಗೆ ತಿರುಗಿಸುತ್ತಲೇ ಇರುವುದು ನನಗೆ ಹೆಚ್ಚು ಮೆಚ್ಚುಗೆಯ ದಾರಿ. ಮಾಡೆಲ್ ಟಿಯ ಅನುಪಾತದಲ್ಲಿ ಚಕ್ರ 11 ಸುತ್ತು, ಶಾಫ್ಟ್ 20 ಸುತ್ತು ಮುಗಿಸಿದಾಗ ಅವು ಮೊದಲ ಬಾರಿಗೆ ಕೂಡುತ್ತವೆ. 20ನ್ನು ಇಮ್ಮಡಿಸಿ 11ರಿಂದ ಭಾಗಿಸಿದರೆ ಸಿಗುವುದು ಅಂದಾಜಲ್ಲ, ಹಲ್ಲುಗಳ ಲೆಕ್ಕವೇ. 40ಕ್ಕೂ 11ಕ್ಕೂ ಸಾಮಾನ್ಯ ಅಪವರ್ತನವಿಲ್ಲದಿರುವುದು ಆಕಸ್ಮಿಕವೂ ಅಲ್ಲ: ಹಾಗಿದ್ದಾಗ ಪಿನಿಯನ್‌ನ ಪ್ರತಿ ಹಲ್ಲೂ ಸರದಿಯಂತೆ ಕ್ರೌನ್ ವೀಲ್‌ನ ಎಲ್ಲ ಹಲ್ಲುಗಳನ್ನೂ ಸಂಧಿಸಿ ಸವೆತ ಸಮನಾಗಿ ಹಂಚಿಹೋಗುತ್ತದೆ.

ಸವೆದ ಗೇರುಗಳ ನಡುವೆ ಸಡಿಲವಿರುತ್ತದೆ. ಚಕ್ರವನ್ನು ತುಸು ತಿರುಗಿಸಿ, ಹಲ್ಲಿಗೆ ಹಲ್ಲು ತಾಗಿದ 'ಟಕ್' ಸದ್ದು ಕೇಳಿದ ಮೇಲೆಯೇ ಗುರುತು ಹಾಕಬೇಕು. ಎಣಿಕೆ ಮುಗಿಯುವವರೆಗೆ ದಿಕ್ಕು ಬದಲಿಸಬಾರದು.

ವಿಚಿತ್ರವೆಂದರೆ, ಉದಾಹರಣೆಗೆ ಬಂದ ಮಾಡೆಲ್ ಟಿಯಲ್ಲೇ ಶಾಫ್ಟ್ ಕೊಳವೆಯೊಳಗೆ ಅಡಗಿರುವುದರಿಂದ ಸೀಮೆಸುಣ್ಣಕ್ಕೆ ಜಾಗವಿಲ್ಲ. ಆದರೆ ಅದರ ಟಾಪ್ ಗೇರಿನಲ್ಲಿ ಎಂಜಿನ್ನಿನ ಒಂದು ಸುತ್ತಿಗೆ ಶಾಫ್ಟ್‌ನದೂ ಒಂದೇ ಸುತ್ತು. ಇಗ್ನಿಷನ್ ಆರಿಸಿ, ಸ್ಪಾರ್ಕ್ ಪ್ಲಗ್ ಕಳಚಿ, ಟಾಪ್ ಗೇರಿನಲ್ಲಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸುವ ಮುಂದಿನ ಹ್ಯಾಂಡಲ್ಲನ್ನು 20 ಸುತ್ತು ತಿರುಗಿಸಿದಾಗ ಚಕ್ರದ ಗುರುತು 11ನೆಯ ಬಾರಿ ಮೇಲೆ ಬಂದು ನಿಂತರೆ, ಒಳಗಿರುವುದು ಮೂಲ ಅನುಪಾತವೇ.