ಓನೀಲ್: ಹೆಸರಿನಲ್ಲೇ ಕೂತ ಮೊಮ್ಮಗ

ಐರ್ಲೆಂಡಿನ ಓನೀಲ್ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ‘ಓ’ ಪಕ್ಕದಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಆ ಕೊಕ್ಕೆ ಕಂಡರೆ ಕೆಲವು ವೆಬ್‌ಸೈಟುಗಳು ಫಾರ್ಮನ್ನೇ ತಗೊಳ್ಳುವುದಿಲ್ಲ! ತಮಾಷೆ ಏನೆಂದರೆ, ಅದು ಐರಿಶ್ ಭಾಷೆಯದ್ದೇ ಅಲ್ಲ, ಇಂಗ್ಲಿಷ್ ಬರವಣಿಗೆ ಅಂಟಿಸಿದ್ದು. ಐರಿಶಿನಲ್ಲಿ ಆ ಅಕ್ಷರದ ತಲೆ ಮೇಲೆ ಒಂದು ಓರೆಗೆರೆ ಇರುತ್ತದೆ, ಅಷ್ಟೇ. ಅದು ದೀರ್ಘದ ಗುರುತು.

ಈ ‘ಓ’ ತಾನೇ ಒಂದು ಪೂರ್ತಿ ಪದ. ಅರ್ಥ ಮೊಮ್ಮಗ. ಬೇರೆ ಐರಿಶ್ ಹೆಸರುಗಳ ಮುಂದೆ ಕಾಣುವ ‘ಮ್ಯಾಕ್’ ಎಂದರೆ ಮಗ.

ಸರಿ, ಯಾರ ಮೊಮ್ಮಗ? ನೀಯಲ್ ಎಂಬುವನ ಮೊಮ್ಮಗ. ‘ರಾಮನ’ ಅನ್ನಲು ನಾವು ಹೆಸರಿನ ಕೊನೆಗೆ ಏನೋ ಸೇರಿಸುತ್ತೇವೆ. ಐರಿಶಿನಲ್ಲಿ ಹೆಸರಿನ ಒಳಗಿನ ಸ್ವರವೇ ಬದಲಾಗುತ್ತದೆ. ನೀಯಲ್ ಹೋಗಿ ‘ನೇಲ್’ ಆಗುತ್ತದೆ. ಓ ನೇಲ್ ಎಂದರೆ ನೀಯಲ್‌ನ ಮೊಮ್ಮಗ. ಇಂಗ್ಲಿಷಿನಲ್ಲಿ ಅದೇ ಓನೀಲ್.

ಈ ನೀಯಲ್‌ಗೆ ‘ಕಪ್ಪು ಮೊಣಕಾಲಿನವನು’ ಎಂಬ ಅಡ್ಡಹೆಸರಿತ್ತು. ರಾಜ. 919ರಲ್ಲಿ ಡಬ್ಲಿನ್ ಹತ್ತಿರ, ಉತ್ತರ ಯುರೋಪಿನಿಂದ ಕಡಲ ಮೇಲೆ ಬಂದ ದಾಳಿಕೋರರಾದ ವೈಕಿಂಗರ ಜೊತೆ ಕಾದಾಡಿ ಸತ್ತ. ಅವನ ಮೊಮ್ಮಗ ಡೋನಲ್ ಕೂಡ ರಾಜನಾದ, 980ರಲ್ಲಿ ತೀರಿಕೊಂಡ. ಅವನು ನಿಜಕ್ಕೂ ಮೊಮ್ಮಗ. ಆದರೆ ಅವನ ನಂತರ ಬಂದವರೂ ಅದೇ ಹೆಸರು ಇಟ್ಟುಕೊಂಡರು. ಮರಿಮಗ, ಗಿರಿಮಗ, ಎಲ್ಲರೂ ‘ಮೊಮ್ಮಗ’ರೇ. ಸಂಬಂಧ ಹೇಳುವ ಮಾತು ಹೀಗೆ ಕುಲದ ಹೆಸರಾಗಿ ಗಟ್ಟಿಯಾಯಿತು. ಯುರೋಪಿನ ಅತಿ ಹಳೆಯ ಕುಲನಾಮಗಳಲ್ಲಿ ಇದೂ ಒಂದು.

ಈ ಹೆಸರಿನ ತೂಕ ಸುಮ್ನೆ ಬಂದದ್ದಲ್ಲ. ಐರ್ಲೆಂಡಿನ ಉತ್ತರದಲ್ಲಿರುವ ಟಲಿಹೋಗ್ ಗುಡ್ಡದ ಮೇಲಿನ ಕಲ್ಲಿನ ಪೀಠದಲ್ಲಿ ಕೂರಿಸಿ ಪಟ್ಟ ಕಟ್ಟಿದರೆ, ಆ ನಾಯಕನನ್ನು ಬರೀ ‘ಓ ನೇಲ್’ ಎಂದು ಕರೆಯುತ್ತಿದ್ದರು. ಅದೇ ಅವನ ಬಿರುದು. 1602ರಲ್ಲಿ ಇಂಗ್ಲಿಷ್ ಸೇನಾಪತಿ ಮೌಂಟ್‌ಜಾಯ್ ಆ ಕಲ್ಲನ್ನೇ ಒಡೆಸಿಬಿಟ್ಟ. ಆಮೇಲಿನ ಇಂಗ್ಲಿಷ್ ಆಳ್ವಿಕೆಯಲ್ಲಿ ಎಷ್ಟೋ ಮನೆತನಗಳ ಓ, ಮ್ಯಾಕ್ ಉದುರಿಹೋದವು.

ಈಗ ವಿಜ್ಞಾನದ ಕಡೆ ಬರೋಣ. ಕುಲನಾಮ ಅಪ್ಪನಿಂದ ಮಗನಿಗೆ ಬರುತ್ತದೆ, ಗಂಡಸರ ಜೀವಕೋಶದಲ್ಲಿರುವ ವೈ ಕ್ರೋಮೋಸೋಮ್ ಎಂಬ ವಂಶವಾಹಿ ಎಳೆಯೂ ಹಾಗೇ. 2006ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು, ವಾಯವ್ಯ ಐರ್ಲೆಂಡಿನ ಗಂಡಸರಲ್ಲಿ ಐವರಿಗೆ ಒಬ್ಬರಂತೆ ಒಂದೇ ಬಗೆಯ ವೈ ಇದೆ ಎಂದು ತೋರಿಸಿದರು. ಪತ್ರಿಕೆಗಳು ಕುಣಿದಾಡಿದವು. ‘ಒಂಬತ್ತು ಒತ್ತೆಯಾಳುಗಳ ನೀಯಲ್’ ಎಂಬ ದಂತಕಥೆಯ ರಾಜನ ವಂಶ ಸಿಕ್ಕಿತು ಎಂದವು.

ಆದರೆ ಅವನು ಕಪ್ಪು ಮೊಣಕಾಲಿನವನಿಗಿಂತ ಸುಮಾರು 500 ವರ್ಷ ಹಿಂದಿನವನು. ಓನೀಲ್ ಹೆಸರು ಅವನಿಂದ ಬಂದದ್ದಲ್ಲ! ಅದೂ ಸಾಲದು ಎಂಬಂತೆ, ಈ ವೈ ಗುರುತು ಆ ಹಳೇ ನೀಯಲ್‌ಗಿಂತಲೂ ಹಿಂದಿನದು ಎನ್ನುತ್ತವೆ ನಂತರದ ಲೆಕ್ಕಗಳು. ಹಾಗಾಗಿ ಗುರುತು ಇದ್ದ ಮಾತ್ರಕ್ಕೆ ಯಾರೂ ರಾಜನ ಮೊಮ್ಮಗ ಆಗುವುದಿಲ್ಲ.

ಹೆಣ್ಣುಮಕ್ಕಳ ವಿಷಯ? ಮಗಳು ‘ಮೊಮ್ಮಗ’ ಆಗಲು ಸಾಧ್ಯವಿಲ್ಲ, ಅಲ್ವಾ? ಅದಕ್ಕೇ ಅವಳಿಗೆ ‘ನೀ’ ಎಂಬ ಬೇರೆ ಪದ ಇದೆ, ‘ಮೊಮ್ಮಗನ ಮಗಳು’ ಎಂಬುದನ್ನು ಮೊಟಕು ಮಾಡಿದ್ದು. ಐರಿಶಿನಲ್ಲಿ ಬರೆದರೆ, ಒಂದೇ ಮನೆಯಲ್ಲಿ ಅಣ್ಣ ಓ ನೇಲ್, ತಂಗಿ ನೀ ನೇಲ್.