ಗೋಡೆಗೆ ಬಡಿದರೆ ‘ಟೂ ಡಿ’: ಕ್ಲಿಫ್ಟನ್ ಶಾಲೆ ಮೈದಾನದ ಲೆಕ್ಕ

ಪ್ರಶ್ನೆ: 1899ರಲ್ಲಿ ಇಂಗ್ಲೆಂಡಿನ ಒಬ್ಬ ಶಾಲಾ ಹುಡುಗ ಒಂದೇ ಇನಿಂಗ್ಸ್‌ನಲ್ಲಿ 628 ರನ್ ಹೊಡೆದನಂತೆ. ಆ ಕಾಲದ ಇಂಗ್ಲೆಂಡಿನ ದೊಡ್ಡ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಆಡಿದ ಮೈದಾನದಲ್ಲೇ ಹೊಡೆದದ್ದು ಅಂತಲೂ ಓದಿದೆ. ಶಾಲೆ ಮೈದಾನ ಅಂದ್ಮೇಲೆ ಬೌಂಡರಿ ಚಿಕ್ಕದಾಗಿತ್ತು, ಅದಕ್ಕೇ ಅಷ್ಟು ರನ್ ಬಂತು ಅಲ್ವಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತದೆ. ಒಂದು ಕಡೆ ಬೌಂಡರಿ ಚಿಕ್ಕದಿತ್ತು ಅನ್ನೋದು ನಿಜ. ಆದರೆ ಅದರಿಂದ ಹುಡುಗನಿಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ ಆಯಿತು. ಗ್ರೇಸ್ ಆಡಿದ ಮೈದಾನ ಅನ್ನೋದು ಮಾತ್ರ ತಪ್ಪು. ಶಾಲೆ ಒಂದೇ, ಮೈದಾನ ಬೇರೆ.

ಮೊದಲು ಶಾಲೆಯ ವಿಷಯ. ಕ್ಲಿಫ್ಟನ್ ಕಾಲೇಜ್ ಇರುವುದು ಬ್ರಿಸ್ಟಲ್ ನಗರದಲ್ಲಿ. ಹೆಸರಲ್ಲಿ ಕಾಲೇಜು ಅಂತಿದ್ದರೂ ಅದು ಶಾಲೆಯೇ, ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಥರದ್ದು. 1862ರಲ್ಲಿ ಶುರುವಾಯಿತು. ಶಾಲೆಯ ಕಟ್ಟಡಗಳ ಮುಂದೆ ಹರಡಿರುವ ದೊಡ್ಡ ಹುಲ್ಲಿನ ಮೈದಾನಕ್ಕೆ ‘ಕ್ಲೋಸ್’ ಎಂದು ಹೆಸರು. ಆವರಣ ಅಂತ ಅರ್ಥ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಹೆಸರು ಹೊಸದಲ್ಲ. ಇದೇ ಶಾಲೆಯಲ್ಲಿ ಓದಿದ ಕವಿ ಹೆನ್ರಿ ನ್ಯೂಬೋಲ್ಟ್ ಅವರ ಅತಿ ಹೆಚ್ಚು ಗೊತ್ತಿರುವ ಪದ್ಯ ಶುರುವಾಗುವುದೇ ಈ ಕ್ಲೋಸ್‌ನಲ್ಲಿ, ಒಂದು ಪಂದ್ಯದ ಕೊನೆಯ ಕ್ಷಣಗಳಲ್ಲಿ.

ಈ ಕ್ಲೋಸ್‌ನಲ್ಲೇ ಗ್ಲೌಸ್ಟರ್‌ಶೈರ್ ಕೌಂಟಿ (ಅಂದರೆ ಜಿಲ್ಲೆ) ತಂಡ 1871ರಿಂದ 1932ರವರೆಗೆ 96 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿತು. ಶಾಲೆ ಮೈದಾನದಲ್ಲಿ ಕೌಂಟಿ ಪಂದ್ಯ ಯಾಕೆ ಅಂತ ಕೇಳಬಹುದು. ಉತ್ತರ ಸರಳ. ಕೌಂಟಿಗೆ ಸ್ವಂತ ಜಾಗ ಇರಲಿಲ್ಲ. ಬ್ರಿಸ್ಟಲ್‌ನ ಆಶ್ಲಿ ಡೌನ್‌ನಲ್ಲಿ ತಮ್ಮದೇ ಮೈದಾನದಲ್ಲಿ ಆಡಲು ಶುರು ಮಾಡಿದ್ದು 1889ರಲ್ಲಿ. ಅಲ್ಲಿಯವರೆಗೆ ಬೇರೆಯವರ ಹುಲ್ಲೇ ಗತಿ. ಆಗಸ್ಟ್ ಬಂತೆಂದರೆ ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ. ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ. ಚೆನ್ನಾಗಿ ರೋಲರ್ ಹೊಡೆದ ಪಿಚ್ ಸುಮ್ನೆ ಬಿದ್ದಿರುತ್ತದೆ. ಕೌಂಟಿಯವರಿಗೆ ಇನ್ನೇನು ಬೇಕು? ನಮ್ಮಲ್ಲಿ ಬೇಸಿಗೆ ರಜೆಗೆ ಶಾಲೆ ಮೈದಾನವನ್ನು ಊರ ಟೂರ್ನಮೆಂಟಿಗೆ ಬಿಟ್ಟುಕೊಡುತ್ತಾರಲ್ಲ, ಹಾಗೇ. ಅಲ್ಲಿ ಬಂದು ಆಡಿದವರಲ್ಲಿ ಗ್ರೇಸ್ ಇದ್ದರು ಅನ್ನೋದಷ್ಟೇ ವ್ಯತ್ಯಾಸ.

ಗ್ರೇಸ್ ಕ್ಲೋಸ್‌ನಲ್ಲಿ 13 ಪ್ರಥಮ ದರ್ಜೆ ಶತಕ ಹೊಡೆದರು. ಅವರ ಮಗ ಡಬ್ಲ್ಯು.ಜಿ. ಜೂನಿಯರ್ ಓದಿದ್ದೂ ಈ ಶಾಲೆಯಲ್ಲೇ. 1876ರ ಆಗಸ್ಟ್‌ನಲ್ಲಿ ಗ್ರೇಸ್ ಆಡಿದ ಆಟವಂತೂ ಕಥೆಯ ಹಾಗಿದೆ. ಕ್ಯಾಂಟರ್‌ಬರಿಯಲ್ಲಿ ಕೆಂಟ್ ವಿರುದ್ಧ 344. ಅಲ್ಲಿಂದ ನೇರ ಕ್ಲಿಫ್ಟನ್‌ಗೆ ಬಂದು ನಾಟಿಂಗ್‌ಹ್ಯಾಮ್‌ಶೈರ್ ವಿರುದ್ಧ 177. ಅಲ್ಲಿಂದ ಚೆಲ್ಟನ್‌ಹ್ಯಾಮ್‌ಗೆ ಹೋಗಿ ಯಾರ್ಕ್‌ಶೈರ್ ವಿರುದ್ಧ ಔಟಾಗದೆ 318. ಸುಮಾರು ಒಂದು ವಾರದೊಳಗೆ ಮೂರು ಇನಿಂಗ್ಸ್, ಒಟ್ಟು 839 ರನ್. ಇದರಲ್ಲಿ ಎರಡು ಇನಿಂಗ್ಸ್ ಶಾಲೆ ಮೈದಾನದಲ್ಲಿ ಬಂದವು, ಯಾಕಂದರೆ ಚೆಲ್ಟನ್‌ಹ್ಯಾಮ್ ಕಾಲೇಜ್ ಕೂಡ ಶಾಲೆಯೇ. ನಮ್ಮ ದುಲೀಪ್ ಟ್ರೋಫಿಗೆ ಹೆಸರು ಕೊಟ್ಟ ದುಲೀಪ್‌ಸಿಂಹಜಿ ಓದಿದ್ದು ಅಲ್ಲಿ. ಆ ಮೈದಾನದಲ್ಲಿ 1872ರಲ್ಲಿ ಶುರುವಾದ ಕ್ರಿಕೆಟ್ ಹಬ್ಬ ನಮ್ಮ ಕಾಲದವರೆಗೂ ನಡೆದು ಬಂದಿದೆ. ಮೈಸೂರಿನ ಜಾವಗಲ್ ಶ್ರೀನಾಥ್ ಗ್ಲೌಸ್ಟರ್‌ಶೈರ್ ಪರ ಆಡಿ ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ 87 ವಿಕೆಟ್ ತೆಗೆದದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಕೌಂಟಿಯವರು ಕ್ಲಿಫ್ಟನ್ ಬಿಟ್ಟು ಅರವತ್ತು ವರ್ಷ ದಾಟಿತ್ತು.

ಈಗ ಆ ಹುಡುಗನ ಕಡೆ ಬರೋಣ.

ಹೆಸರು ಆರ್ಥರ್ ಕಾಲಿನ್ಸ್. ಹುಟ್ಟಿದ್ದು ನಮ್ಮ ದೇಶದಲ್ಲೇ, ಈಗಿನ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ, 1885ರಲ್ಲಿ. ತಂದೆ ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿದ್ದರು. 1897ರಲ್ಲಿ ಕ್ಲಿಫ್ಟನ್‌ಗೆ ಸೇರುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. 1899ರ ಜೂನ್‌ನಲ್ಲಿ ಅವನಿಗೆ ಇನ್ನೂ 13 ವರ್ಷ.

ಆ ಪಂದ್ಯ ಶಾಲೆಯ ಮುಖ್ಯ ತಂಡದ್ದಲ್ಲ. ಹೌಸ್ ಪಂದ್ಯ, ಅಂದರೆ ಶಾಲೆಯೊಳಗಿನ ವಿದ್ಯಾರ್ಥಿ ಗುಂಪುಗಳ ನಡುವಿನದು, ಅದೂ ಚಿಕ್ಕವರದ್ದು. ಒಂದು ಕಡೆ ಕಾಲಿನ್ಸ್ ನಾಯಕನಾಗಿದ್ದ ಕ್ಲಾರ್ಕ್ಸ್ ಹೌಸ್. ಇನ್ನೊಂದು ಕಡೆ ನಾರ್ತ್ ಟೌನ್, ಅಂದರೆ ಹಾಸ್ಟೆಲಿನಲ್ಲಿರದೆ ಮನೆಯಿಂದ ಓಡಾಡುವ ಹುಡುಗರ ತಂಡ. ಇಂಥ ಪಂದ್ಯಕ್ಕೆ ಕ್ಲೋಸ್ ಯಾರು ಕೊಡುತ್ತಾರೆ? ಗತ್ರಿ ರೋಡ್ ಪಕ್ಕದ ಒಂದು ತುಂಡು ಜಾಗ ಕೊಟ್ಟಿದ್ದರು. ಇವತ್ತು ಆ ಜಾಗವನ್ನು ‘ಕಾಲಿನ್ಸ್ ಪೀಸ್’ ಎಂದು ಕರೆಯುತ್ತಾರೆ. ಗ್ರೇಸ್ ಹೆಸರಿನ ಜೊತೆ 628ನ್ನು ಸೇರಿಸುವವರು ತಪ್ಪುವುದು ಇಲ್ಲೇ.

ಆ ತುಂಡು ಜಾಗ ಹೇಗಿತ್ತು ಅನ್ನೋದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಒಂದು ಪಕ್ಕ ಗೋಡೆ ಹತ್ತಿರ. ಆ ಕಡೆ ಚೆಂಡು ಬೌಂಡರಿಗೆ ಹೋದರೆ ಕೊಡುತ್ತಿದ್ದದ್ದು ಎರಡೇ ರನ್. ಉಳಿದ ಕಡೆಗಳಲ್ಲಿ ನೆಲ ಇಳಿಜಾರಾಗಿ ದೂರದವರೆಗೆ ಹೋಗುತ್ತಿತ್ತು. ಅಲ್ಲಿ ಬೌಂಡರಿ ಗೆರೆಯ ಮಾತೇ ಇಲ್ಲ. ಚೆಂಡು ಉರುಳಿ ಹೋಗುತ್ತಿರಲಿ, ನೀನು ಓಡುತ್ತಿರು, ಓಡಿದಷ್ಟು ನಿನ್ನದು.

ಗಲ್ಲಿ ಕ್ರಿಕೆಟ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರ್ ರೂಮಿನ ಗೋಡೆಗೆ ಬಡಿದರೆ ‘ಟೂ ಡಿ’. ಎರಡು ಡಿಕ್ಲೇರ್ಡ್, ಓಡೋದೇ ಬೇಡ. ಕಾಂಪೌಂಡ್ ಹಾರಿ ಪಕ್ಕದ ತೆಂಗಿನ ತೋಟಕ್ಕೆ ಬಿದ್ದರೆ ಔಟ್, ಚೆಂಡು ತರೋದೂ ನೀನೇ. ಜಾಗ ಹೇಗಿದೆಯೋ ರೂಲ್ಸ್ ಹಾಗೆ. ಇಂಗ್ಲೆಂಡಿನ ದೊಡ್ಡ ಮನೆತನದ ಮಕ್ಕಳು ಓದುವ ಶಾಲೆಯಲ್ಲೂ ಗೋಡೆಯ ಜೊತೆ ಇಂಥದ್ದೇ ಒಪ್ಪಂದ ಇತ್ತು ಅಂತ ತಿಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು.

ಈಗ ಸ್ಕೋರ್ ಬಿಡಿಸಿ ನೋಡಿ. ಕಾಲಿನ್ಸ್ ಹೊಡೆದದ್ದು 1 ಸಿಕ್ಸ್, 4 ಐದು, 31 ನಾಲ್ಕು, 33 ಮೂರು, 146 ಎರಡು, 87 ಒಂಟಿ. ಹೌದು, ನೂರ ನಲವತ್ತಾರು ಸಲ ಎರಡು. ಅದೆಲ್ಲ ಗೋಡೆಯ ಎರಡಲ್ಲ, ಓಡಿದ್ದೂ ಇದರಲ್ಲಿದೆ. ಆದರೂ ಬೇರೆ ಮೈದಾನದಲ್ಲಿ ನಾಲ್ಕಾಗಬಹುದಾಗಿದ್ದ ಎಷ್ಟೋ ಹೊಡೆತ ಇಲ್ಲಿ ಎರಡಕ್ಕೆ ನಿಂತಿತು. ನಾಲ್ಕು ಮತ್ತು ಸಿಕ್ಸ್ ಎರಡೂ ಸೇರಿದರೆ 130 ರನ್ ಅಷ್ಟೇ. ಒಟ್ಟು ಮೊತ್ತದ ಐದನೇ ಒಂದು ಭಾಗ. ಎರಡು ಮತ್ತು ಮೂರರಿಂದಲೇ 391 ಬಂದಿದೆ.

ಪಕ್ಕದಲ್ಲಿ 2016ರ ಲೆಕ್ಕ ಇಟ್ಟು ನೋಡಿ. ಒಂದು ಇನಿಂಗ್ಸ್‌ನಲ್ಲಿ ಒಬ್ಬರೇ ಹೊಡೆದ ಅತಿ ಹೆಚ್ಚು ರನ್ ಎಂಬ ಕಾಲಿನ್ಸ್ ದಾಖಲೆ 116 ವರ್ಷ ಉಳಿದು ಆ ವರ್ಷದ ಜನವರಿ 4ರಂದು ಬಿತ್ತು. ಮುರಿದದ್ದು ಮುಂಬೈ ಪಕ್ಕದ ಕಲ್ಯಾಣ್‌ನ 15 ವರ್ಷದ ಪ್ರಣವ್ ಧನವಾಡೆ. ಭಂಡಾರಿ ಕಪ್ ಅಂತರ್ ಶಾಲಾ ಟೂರ್ನಿ. ಮೊದಲ ದಿನವೇ 652. ಮಾರನೇ ದಿನ ಔಟಾಗದೆ 1009, ಎದುರಿಸಿದ್ದು 327 ಎಸೆತ. ಅದರಲ್ಲಿ 129 ಫೋರ್, 59 ಸಿಕ್ಸ್. ಅಂದರೆ 870 ರನ್ ಬೌಂಡರಿಯಿಂದಲೇ ಬಂತು. ನೂರಕ್ಕೆ ಎಂಬತ್ತಾರು ಪಾಲು! ಆ ಮೈದಾನದ ಒಂದು ಕಡೆ ಬೌಂಡರಿ ಬಹಳ ಹತ್ತಿರ ಇತ್ತು ಎಂಬ ಮಾತು ಆಗಲೇ ಕೇಳಿಬಂದಿತ್ತು. ಎದುರಾಳಿ ಹುಡುಗರು ತುಂಬಾ ಚಿಕ್ಕವರು ಎಂಬ ಮಾತೂ ಬಂತು. ಪ್ರಣವ್‌ನನ್ನು ಕೆಳಗಿಳಿಸಲು ಇದನ್ನು ಹೇಳುತ್ತಿಲ್ಲ. ಸಾವಿರ ರನ್ ಹೊಡೆಯುವಷ್ಟು ಹೊತ್ತು ಬೇಸರ ಬಾರದೆ ನಿಲ್ಲೋದೇ ದೊಡ್ಡದು. ಆದರೆ ‘ಶಾಲೆ ಮೈದಾನ, ಚಿಕ್ಕ ಬೌಂಡರಿ, ಅದಕ್ಕೇ ರನ್’ ಎಂಬ ಮಾತನ್ನು ಎರಡು ಇನಿಂಗ್ಸ್‌ಗೂ ಒಂದೇ ಥರ ಅಂಟಿಸಲು ಬರುವುದಿಲ್ಲ. ಕಲ್ಯಾಣ್‌ನಲ್ಲಿ ಹತ್ತಿರದ ಗೆರೆ ಪೂರ್ತಿ ಬೆಲೆ ಕೊಟ್ಟಿತು. ಕ್ಲಿಫ್ಟನ್‌ನಲ್ಲಿ ಹತ್ತಿರದ ಗೋಡೆ ಅರ್ಧ ಬೆಲೆ ಕೊಟ್ಟಿತು.

ಹಾಗಾದರೆ 628 ಬಂದದ್ದು ಹೇಗೆ? ನನ್ನ ಪ್ರಕಾರ ಮುಖ್ಯ ಕಾರಣ ಸಮಯ. ಈ ಹೌಸ್ ಪಂದ್ಯಕ್ಕೆ ದಿನದ ಮಿತಿ ಇರಲಿಲ್ಲ. ಸಂಜೆಯ ಬಿಡುವಿನಲ್ಲಿ ಕಂತು ಕಂತಾಗಿ ಮುಗಿಯುವವರೆಗೂ ಆಡುವುದು. ಜೂನ್ 22, ಗುರುವಾರ ಮಧ್ಯಾಹ್ನ ಕಾಲಿನ್ಸ್ ಟಾಸ್ ಗೆದ್ದು ಬ್ಯಾಟಿಂಗ್‌ಗೆ ಇಳಿದ. ಸಂಜೆ 200 ನಾಟೌಟ್. ಮಾರನೇ ದಿನ ಸುದ್ದಿ ಶಾಲೆಯಲ್ಲೆಲ್ಲ ಹಬ್ಬಿ ಜನ ಸೇರಿದರು. ಆ ಸಂಜೆ ಅವನು ಎ.ಇ. ಸ್ಟಾಡಾರ್ಟ್ ಅವರ 485ನ್ನು ದಾಟಿ 509ಕ್ಕೆ ಬಂದು ನಿಂತ. ಸ್ಟಾಡಾರ್ಟ್ ಇಂಗ್ಲೆಂಡ್ ತಂಡದ ನಾಯಕರಾಗಿದ್ದವರು. 1886ರಲ್ಲಿ ಕ್ಲಬ್ ಪಂದ್ಯದಲ್ಲಿ ಅವರು ಹೊಡೆದದ್ದೇ ಅಲ್ಲಿಯವರೆಗಿನ ದೊಡ್ಡ ಸ್ಕೋರ್. ಶನಿವಾರ, ಭಾನುವಾರ ಆಟ ಇಲ್ಲ. ಸೋಮವಾರ ಒಂದು ಗಂಟೆಯೂ ಪೂರ್ತಿ ಆಡಲಿಲ್ಲ, 598. ಮಂಗಳವಾರ ಕೊನೆಯ ಜೋಡಿ ಮುರಿಯಿತು. ತಂಡದ ಮೊತ್ತ 836. ಗ್ರೇಸ್ ಆ ವಾರದಲ್ಲಿ ಒಬ್ಬರೇ ಹೊಡೆದ 839ಕ್ಕಿಂತ ಮೂರು ಕಡಿಮೆ! ಕಾಲಿನ್ಸ್ ಕ್ರೀಸ್‌ನಲ್ಲಿ ಇದ್ದದ್ದು ಒಟ್ಟು 6 ಗಂಟೆ 50 ನಿಮಿಷ. ಔಟ್ ಮಾಡಲು ಯಾರಿಂದಲೂ ಆಗಲಿಲ್ಲ.

ಕ್ಯಾಚ್ ಬಿಟ್ಟದ್ದೂ ಒಂದೆರಡಲ್ಲ. ಮೊದಲ ಸಂಜೆಯೇ ಬಿಟ್ಟರು, ಆಮೇಲೂ ಬಿಟ್ಟರು. ಚಿಕ್ಕ ಹುಡುಗರು ನಾಲ್ಕು ದಿನ ಇಳಿಜಾರಿನಲ್ಲಿ ಚೆಂಡಿನ ಹಿಂದೆ ಓಡಿದ್ದನ್ನು ನೆನೆದರೆ ಅವರ ಮೇಲೆ ಪಾಪ ಅನಿಸುತ್ತದೆ. ಅದಾದ ಮೇಲೆ ನಾರ್ತ್ ಟೌನ್‌ನವರು 87 ಮತ್ತು 61ಕ್ಕೆ ಆಲೌಟ್. ಕಾಲಿನ್ಸ್ ಮೊದಲು 7 ವಿಕೆಟ್, ಆಮೇಲೆ 4 ವಿಕೆಟ್ ತೆಗೆದ. ಇನಿಂಗ್ಸ್ ಮತ್ತು 688 ರನ್ ಗೆಲುವು. ಇಂಥ ಅಂಕಿ ನೋಡಿದಾಗ ನಗು ಬರುತ್ತದೆ, ಅಲ್ವಾ?

ಇನ್ನೊಂದು ವಿಷಯ ಬಿಡಲು ಮನಸ್ಸಿಲ್ಲ. ಈ ಶಾಲೆಯಲ್ಲಿ ದೊಡ್ಡ ಸ್ಕೋರ್ ಅದೇ ಮೊದಲಲ್ಲ. 1868ರಲ್ಲಿ ಎಡ್ವರ್ಡ್ ಟೈಲೆಕೋಟ್ ಎಂಬ ವಿದ್ಯಾರ್ಥಿ ಇಲ್ಲೇ ಔಟಾಗದೆ 404 ಹೊಡೆದಿದ್ದ. ಮುಂದೆ ಇಂಗ್ಲೆಂಡ್ ಪರ ಟೆಸ್ಟ್ ಕೂಡ ಆಡಿದ. 404 ನಾಟೌಟ್ ಅಂದ ತಕ್ಷಣ ನಮ್ಮವರಿಗೆ ಬೇರೇನೋ ನೆನಪಾಗಬೇಕು. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ ಹೊಡೆದದ್ದೂ ಅಷ್ಟೇ. ಔಟಾಗದೆ 404, ಎದುರಿಸಿದ್ದು 638 ಎಸೆತ. ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ.

ಕಾಲಿನ್ಸ್ ಪ್ರಥಮ ದರ್ಜೆ ಕ್ರಿಕೆಟ್ ಆಡಲೇ ಇಲ್ಲ. ಸೈನ್ಯದ ರಾಯಲ್ ಎಂಜಿನಿಯರ್ಸ್ ಸೇರಿದ. ಸೈನ್ಯದ ತಂಡಗಳ ಪರ ಆಡುತ್ತಿದ್ದ. 1914ರ ವಸಂತದಲ್ಲಿ ಮದುವೆಯಾಯಿತು. ಅದೇ ವರ್ಷ ನವೆಂಬರ್ 11ರಂದು ಬೆಲ್ಜಿಯಂನ ಈಪ್ರ್ ಯುದ್ಧದಲ್ಲಿ ತೀರಿಕೊಂಡ. ವಯಸ್ಸು 29. ಸಮಾಧಿ ಎಲ್ಲಿದೆ ಎಂದು ಗುರುತಿಲ್ಲದ ಸೈನಿಕರ ಹೆಸರು ಕೊರೆದಿರುವ ಮೆನಿನ್ ಗೇಟ್‌ನಲ್ಲಿ ಅವನ ಹೆಸರೂ ಇದೆ.

ಕೊನೆಗೆ, ಕೆಲವರು ಕೇಳುವ ಉಪಪ್ರಶ್ನೆ: ಆ 628 ಸರಿಯಾದ ಲೆಕ್ಕವೇ? ಸ್ಕೋರ್ ಬರೆದವರೂ ಶಾಲಾ ಹುಡುಗರೇ. ಅವರಲ್ಲಿ ಒಬ್ಬರು ಮುಂದೆ, 628 ಅಂತ ಇಟ್ಟುಕೊಳ್ಳಿ, ಇಪ್ಪತ್ತು ಹೆಚ್ಚು ಕಡಿಮೆ ಇರಬಹುದು ಎಂಬ ಅರ್ಥದ ಮಾತು ಹೇಳಿದ್ದರು. ನಾನು ಪೆನ್ನು ಹಿಡಿದು ಕೂಡಿ ನೋಡಿದೆ. 6, 20, 124, 99, 292, 87. ಸರಿಯಾಗಿ 628 ಬರುತ್ತದೆ. ಆದರೆ ಗೋಡೆಗೆ ಬಡಿದ ಯಾವ ಚೆಂಡನ್ನು ಬರೆಯಲು ಮರೆತರು, ಯಾವುದನ್ನು ಎರಡು ಸಲ ಬರೆದರು ಅನ್ನೋದು ಕೂಡಿದರೆ ಸಿಗುವಂಥದ್ದಲ್ಲ.