ಚೀಟಿಯಲ್ಲಿ ‘ನೋವಿದ್ದರೆ’ ಅಂತ ಬರೆಯಬಾರದು

“ಸೊಂಟಕ್ಕ ಸೂಜಿ ಬ್ಯಾಡ್ರೀ ಡಾಕ್ಟರ್ರ. ಮುಂದ ಹುಡುಗಗ ನಡು ಹಿಡಿತೈತಂತ.” ಹರ್ನಿಯಾ ಆಪರೇಷನ್‌ಗೆ ಮೊಮ್ಮಗನನ್ನು ನವಲಗುಂದ ಕಡೆಯಿಂದ ಕರೆತಂದಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡು ಹೇಳಿದರು. ಹುಬ್ಬಳ್ಳಿಯಲ್ಲಿ ಅರಿವಳಿಕೆ ಡಾಕ್ಟರ್ ಆಗಿರುವ ನನಗೆ ಈ ಮಾತು ಹೊಸದಲ್ಲ. ಹೆದರಿಕೆ ಸಹಜ ಅಲ್ವಾ, ಕೂಸಿನ ಬೆನ್ನು ಅದು.

ನಾವು ಕೊಡುವುದು ಕಾಡಲ್ ಬ್ಲಾಕ್, ಅಂದರೆ ಹೊಕ್ಕುಳದಿಂದ ಕೆಳಗೆ ಕೆಲವು ತಾಸು ನೋವು ತಿಳಿಯದಂತೆ ಮಾಡುವ ಸೂಜಿ. ಮಗುವಿಗೆ ಪೂರ್ತಿ ನಿದ್ದೆ ಬರಿಸಿದ ಮೇಲೆಯೇ ಸೂಜಿ. ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ ಮಡಚಿ, ಬೆನ್ನೆಲುಬಿನ ತುದಿಯ ಹತ್ತಿರ ಬೆರಳಾಡಿಸಿದರೆ ಎರಡು ಸಣ್ಣ ಉಬ್ಬು ಸಿಗುತ್ತವೆ. ಅವುಗಳ ನಡುವೆ ಮೆತ್ತನೆಯ ಕುಳಿ. ಸೂಜಿ ಅಲ್ಲಿ ಇಳಿದಾಗ ‘ಟಪ್’ ಎಂದದ್ದು ಕೈಗೆ ತಿಳಿಯುತ್ತದೆ. ಬೆನ್ನುಹುರಿ ಇದಕ್ಕಿಂತ ಎಷ್ಟೋ ಮೇಲೆಯೇ ಮುಗಿದಿರುತ್ತದೆ. ಔಷಧಿ ಬುಪಿವಕೇನ್, ಕೆಜಿಗೆ 2.5 ಮಿ.ಗ್ರಾಂ ದಾಟಿಸುವುದಿಲ್ಲ. ರಕ್ತನಾಳಕ್ಕೆ ಹೋದರೆ ಹೃದಯಕ್ಕೇ ಅಪಾಯ. ಅದಕ್ಕೇ ಮೊದಲು ಸಿರಿಂಜ್ ಎಳೆದು ರಕ್ತ ಬರುತ್ತದಾ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕುತ್ತೇವೆ.

ಹೀಗೆ ಬ್ಲಾಕ್ ಕೊಟ್ಟ ಮಗು ಎದ್ದಾಗ ಸಾಮಾನ್ಯವಾಗಿ ಗಾಯ ಹಿಡಿದು ಚೀರುವುದಿಲ್ಲ, ಬಿಸ್ಕತ್ತು ಕೇಳುತ್ತದೆ. ಕಾಲು ಸ್ವಲ್ಪ ಹೊತ್ತು ಸೋತಂತಿರಬಹುದು, ಎತ್ತಿಕೊಂಡೇ ಇರಿ.

ಆದರೆ ಇದು 4ರಿಂದ 6 ತಾಸಿನ ಆರಾಮ ಮಾತ್ರ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ತಪ್ಪಿದ್ದು ಇಲ್ಲೇ. ನಗುತ್ತಿದ್ದ ಮಗುವನ್ನು ಮಧ್ಯಾಹ್ನ ಮನೆಗೆ ಕಳಿಸಿದ್ದೆ. ಚೀಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಬರೆದು, ಪಕ್ಕದಲ್ಲಿ ‘ನೋವಿದ್ದರೆ’ ಅಂತ ಸೇರಿಸಿದ್ದೆ. ಸಂಜೆ ಅದರಪ್ಪನ ಫೋನ್ ಬಂತು. ಹಿಂದೆ ಮಗು ಅಳುವುದು ಕೇಳುತ್ತಿತ್ತು. ನೋವು ಶುರುವಾದ ಮೇಲೆ ಕೊಟ್ಟ ಸಿರಪ್ಪನ್ನು ಅದು ಉಗುಳುತ್ತಿತ್ತು. ಒಳಗೆ ಹೋಗಿದ್ದರೂ ಕೆಲಸ ಮಾಡಲು ಅರ್ಧ ತಾಸಾದರೂ ಬೇಕಿತ್ತು. ಆ ಅಳು ನಾನು ತಪ್ಪಿಸಬಹುದಾಗಿದ್ದ ಅಳು.

ಈಗ ನಾನು ಗಡಿಯಾರ ನೋಡಿ ಬರೆಯುತ್ತೇನೆ. ಬೆಳಿಗ್ಗೆ 9ಕ್ಕೆ ಬ್ಲಾಕ್ ಕೊಟ್ಟಿದ್ದರೆ ಮೊದಲ ಸಿರಪ್ ಮಧ್ಯಾಹ್ನ 1ಕ್ಕೆ, ಮಗು ಆಡುತ್ತಿದ್ದರೂ ಸರಿ. ಆಮೇಲೆ 6 ತಾಸಿಗೊಮ್ಮೆ. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಕೆಜಿಗೆ 15 ಮಿ.ಗ್ರಾಂ. ಬಾಟಲಿಯನ್ನೂ ಓದಬೇಕು. ಕೆಲವು ಸಿರಪ್‌ಗಳಲ್ಲಿ 5 ಎಂಎಲ್‌ಗೆ 120 ಮಿ.ಗ್ರಾಂ ಇರುತ್ತದೆ, ಕೆಲವದರಲ್ಲಿ 250. ಹನ್ನೆರಡು ಕೆಜಿಯ ಮಗುವಿಗೆ ಮೊದಲನೆಯದು 7.5 ಎಂಎಲ್, ಎರಡನೆಯದು 3.6 ಎಂಎಲ್. ಅಡುಗೆಮನೆ ಚಮಚ ಬೇಡವೇ ಬೇಡ, ಸೂಜಿ ಇಲ್ಲದ ಸಿರಿಂಜ್ ಕೇಳಿ ಪಡೆಯಿರಿ. ಮನೆಯಲ್ಲಿ ನೆಗಡಿ ಜ್ವರದ ಸಿರಪ್ ಇದ್ದರೆ ಅದನ್ನು ಜೊತೆಗೆ ಹಾಕಬೇಡಿ, ಅದರಲ್ಲೂ ಪ್ಯಾರಾಸಿಟಮಾಲ್ ಇರಬಹುದು.

ಅಜ್ಜಿಗೆ ಇದನ್ನೆಲ್ಲ ಹೇಳಿ, ಚೀಟಿಯಲ್ಲಿ ಮಧ್ಯಾಹ್ನ 1, ಸಂಜೆ 7, ರಾತ್ರಿ 1 ಅಂತ ದೊಡ್ಡದಾಗಿ ಬರೆದುಕೊಟ್ಟೆ. ಅವರು ಚೀಟಿ ಮಡಚುತ್ತಾ ಕೇಳಿದರು, “ರಾತ್ರಿ ಒಂದಕ್ಕ ನಿದ್ದಿ ಹತ್ತಿದ್ರೂ ಎಬ್ಬಸ್ಲೇನ್ರೀ?”

“ಇದೊಂದು ರಾತ್ರಿ ಎಬ್ಬಸ್ರಿ ಅಮ್ಮಾ,” ಅಂದೆ.